ಕವಿತಾಳದ ಕೆಸರಿನಲ್ಲಿ ಜಪಾನಿ ಜೀಪು

ಬಾಲಮ್ಮ ಅಂಗಡಿಯ ಬಾಗಿಲಲ್ಲಿ ನಿಂತು, ಒಳಗೆ ಗಿರಾಕಿಗಳು ಯಾರಾದರೂ ಇದ್ದಾರೆಯೇ ಎಂದು ಎರಡು ಸಲ ನೋಡಿದಳು. ಯಾರೂ ಇರಲಿಲ್ಲ. ರಾಯಚೂರಿನ ಸ್ಟೇಷನ್ ರಸ್ತೆಯ ಆ ಅಂಗಡಿಯಲ್ಲಿ ಬಸ್ಸು, ಲಾರಿ, ಜೀಪುಗಳ ಸೀಟಿಗೆ ರೆಕ್ಸಿನ್ ಹೊಲಿಯುವ ವಾಹಿದಾ ಒಬ್ಬಳೇ ತೆಂಗಿನ ನಾರು ಹಿಂಜುತ್ತ ಕುಳಿತಿದ್ದಳು.

"ಆಪಾ, ನಾಳೆ ಹನ್ನೆರಡು ಗಂಟಿಗಿ ನಮ್ಮಣ್ಣನ್ನ ಪೊಲೀಸರ ಕೈಗಿ ಕೊಡ್ತಾರಂತ."

"ಮೊದ್ಲು ಕುಂದ್ರು. ಯಾರು ಕೊಡ್ತಾರ, ಯಾತಕ್ಕ ಕೊಡ್ತಾರ, ಒಂದೊಂದ ಹೇಳು."

ಊರಲ್ಲಿ ಏನಾದರೂ ಕಳೆದರೆ ಜನ ಠಾಣೆಗೆ ಹೋಗುವ ಮೊದಲು ವಾಹಿದಾಳ ಬಳಿ ಬರುತ್ತಿದ್ದರು. ಮಾನ್ವಿ ಬಸ್ಸಿನ ಸೀಟು ಕೊಯ್ಯುತ್ತಿದ್ದವನು ಎಡಗೈಯವನೆಂದು ಬ್ಲೇಡಿನ ಗೀರು ನೋಡಿಯೇ ಹೇಳಿ ಹಿಡಿದುಕೊಟ್ಟವಳು ಅವಳು. ಅಂಥ ನಾಲ್ಕು ಪ್ರಕರಣಗಳಲ್ಲಿ ಬಾಲಮ್ಮ ಅವಳ ಜೊತೆ ತಿರುಗಿ, ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಆದರೆ ಆಗೆಲ್ಲ ಕಷ್ಟ ಬೇರೆಯವರದಾಗಿತ್ತು. ಈ ಸಲ ಪೆನ್ನು ಹಿಡಿಯಲು ಅವಳ ಕೈ ಒಪ್ಪುತ್ತಿರಲಿಲ್ಲ.

ಬಾಲಮ್ಮ ಕಾಲುವೆ ಸರ್ವೆ ಆಫೀಸಿನಲ್ಲಿ ಟೈಪಿಸ್ಟ್. ಕುರಿ ಕಾಯುವ ಮನೆತನದಲ್ಲಿ ಮೊದಲು ಬಿ.ಎ. ಮುಗಿಸಿದವಳು. ಅವಳ ಅಣ್ಣ ಪರಮಣ್ಣ ಅದೇ ಆಫೀಸಿನ ಜಪಾನಿ ಜೀಪಿನ ಚಾಲಕ. ಆ ಜೀಪಿಗೆ ಸಾಮಾನ್ಯವಾಗಿ ಹಿಂದಿನ ಗಾಲಿಗಳು ಮಾತ್ರ ಎಳೆತ ಕೊಡುತ್ತಿದ್ದವು. ಗೇರ್ ಕೋಲಿನ ಮೇಲಿನ ಗುಂಡಿ ಒತ್ತಿದರೆ ಮುಂದಿನ ಎರಡೂ ಕೂಡಿಕೊಂಡು ನಾಲ್ಕೂ ಎಳೆಯುತ್ತಿದ್ದವು, ಎದುರಿಗೆ ಹಸಿರು ದೀಪ ಹತ್ತುತ್ತಿತ್ತು. ಎಂಥ ಕೆಸರಿನಿಂದಲೂ ಎದ್ದು ಬರುವ ಗಾಡಿ ಎಂದು ಆಫೀಸಿನವರಿಗೆಲ್ಲ ಹೆಮ್ಮೆ.

ಎರಡು ದಿನದ ಹಿಂದೆ, ಮಂಗಳವಾರ ಮಧ್ಯಾಹ್ನ, ಪರಮಣ್ಣ ಮತ್ತು ಜೂನಿಯರ್ ಎಂಜಿನಿಯರ್ ಹನುಮಂತ್ರಾಯ ದೇವದುರ್ಗದಿಂದ ಅಳತೆಯ ಪುಸ್ತಕ ತರುತ್ತಿದ್ದರು. ಕಾಲುವೆ ಹಾಯಬೇಕಾದ ನೆಲದ ಏರುತಗ್ಗುಗಳೆಲ್ಲ ಅದರಲ್ಲಿದ್ದವು. ಕವಿತಾಳದ ಹತ್ತಿರ, ಮಳೆ ಬಿದ್ದ ಎರೆ ಹೊಲದ ಬಂಡಿದಾರಿಯಲ್ಲಿ ಜೀಪು ಹೂತುಕೊಂಡಿತು. ಪರಮಣ್ಣ ಎತ್ತು ತರಲು ಹಳ್ಳಿಗೆ ಹೋದ. ಹನುಮಂತ್ರಾಯ ಬೇರೆ ಗಾಡಿ ನೋಡಲು ಡಾಂಬರು ರಸ್ತೆಗೆ ನಡೆದ. ಜೀಪನ್ನು ಎಳೆದು ತೆಗೆದ ಮೇಲೆ ನೋಡಿದರೆ, ಪುಸ್ತಕವಿಟ್ಟಿದ್ದ ತಗಡಿನ ಡಬ್ಬಿ ಬರಿದಾಗಿತ್ತು.

"ಹನುಮಂತ್ರಾಯ ಸಾಹೇಬ್ರು ಏನಂತಾರ?"

"ತಾವ ಮೊದ್ಲು ಹೋದ್ರಂತ, ಜೀಪಿನ ಹತ್ರ ಅಣ್ಣ ಒಬ್ಬನ ಉಳಿದಿದ್ದ ಅಂತಾರ. ಅಣ್ಣ, ನಾನ ಮೊದ್ಲು ಹೋದೆ ಅಂತಾನ. ನಿನ್ನಿ ದೊಡ್ಡ ಸಾಹೇಬ್ರ ಮುಂದ ಜೀಪು ಓಡಿಸಿ ನೋಡಿದ್ರು. ನಾಕೂ ಗಾಲಿ ಛಲೋ ಎಳದವು. ಅದಕ್ಕ, ಬೇಕಂತನ ಗುಂಡಿ ಒತ್ತದ ಕೆಸರಿಗಿ ಬಿಟ್ಟಾನ, ಪುಸ್ತಕ ಯಾರಿಗೋ ಕೊಟ್ಟಾನ ಅಂತ ತೀರ್ಮಾನ. ತಪ್ಪಾತು ಅಂತ ಬರದುಕೊಟ್ರ ಬರೇ ಕೆಲಸ ಹೋಗ್ತದ, ಇಲ್ಲಂದ್ರ ಜೈಲು. ನಾನ ಅವಗ ಬುದ್ಧಿ ಹೇಳಬೇಕಂತ."

"ಅವ ಏನಂತಾನ?"

"ಕೈ ಕಡದ್ರೂ ಸಹಿ ಮಾಡಂಗಿಲ್ಲ ಅಂತಾನ."

ವಾಹಿದಾ ನಾರು ಕೆಳಗಿಟ್ಟಳು. "ಹಂಗಾರ ಬುದ್ಧಿ ಹೇಳೋದು ಅವಗಲ್ಲ. ನಡಿ, ಕವಿತಾಳದ ಬಸ್ ಹಿಡಿಯೋಣ."

ಎರೆ ನೆಲ ಎರಡು ದಿನದ ಬಿಸಿಲಿಗೆ ಇಟ್ಟಿಗೆಯಂತೆ ಬಿಗಿದು, ಎಲ್ಲವನ್ನೂ ಅಚ್ಚು ಹಾಕಿ ಇಟ್ಟಿತ್ತು. ಜೀಪು ಹೂತ ಜಾಗದಲ್ಲಿ ಹಿಂದಿನ ಗಾಲಿಗಳು ತೋಡಿದ ಎರಡು ಕುಣಿಗಳು ಮೊಣಕಾಲುದ್ದ ಇದ್ದವು. ಮುಂದಿನ ಗಾಲಿಗಳು ನಿಂತ ಕಡೆ ಟೈರಿನ ಗೆರೆಗಳು ಚಕ್ಕುಲಿ ಅಚ್ಚಿನಂತೆ ನೀಟಾಗಿ ಮೂಡಿದ್ದವು.

ಮುಂದಿನ ಗಾಲಿಗಳು ತಿರುಗಿಯೇ ಇಲ್ಲ. ಹಾಗಾದರೆ ಆಫೀಸಿನವರು ಹೇಳುವುದೇ ನಿಜವೇ? ಅಣ್ಣ ಗುಂಡಿ ಒತ್ತಿರಲಿಲ್ಲವೇ? ಆ ಮಾತನ್ನು ಅವಳು ಬಾಯಿಂದ ಹೊರಗೆ ಬಿಡಲಿಲ್ಲ. ವಾಹಿದಾ ಅವಳ ಮುಖ ನೋಡಿ, ಕುಣಿಗಳನ್ನು ದಾಟಿ ಮುಂದೆ ನಡೆದಳು.

ಎತ್ತು ಕೊಟ್ಟ ರೈತ ಬೂದೆಪ್ಪ ಪಕ್ಕದ ಹೊಲದಲ್ಲೇ ಸಿಕ್ಕ.

"ಯಪ್ಪಾ, ಎಳಿಯೋ ಮುಂದ ಜೀಪು ಚಾಲೂ ಇತ್ತೇನು?" ಎಂದಳು ವಾಹಿದಾ.

"ಇತ್ತಬೇ. ಡ್ರೈವರಪ್ಪ ಒಳಗ ಕುಂತು ಒದರಸಾಕತ್ತಿದ್ದ. ಹಿಂದಿನ ಗಾಲಿ ನನ್ನ ಮಾರಿಗೆಲ್ಲಾ ಕೆಸರು ಹೊಡದ್ವು. ನಮ್ಮ ಹೋರಿ ಬೆದರಿ ಬಿಡ್ತು."

"ಒಳಗ ಏನರ ದೀಪ ಕಂಡಿತ್ತೇನು?"

"ಗಿಳಿ ಬಣ್ಣದ್ದೊಂದು ಉರಿಯಾಕತ್ತಿತ್ತು. ಹಗಲಾಗ ದೀಪ ಯಾಕ ಹಚ್ಚಿಯೋ ಮಾರಾಯ ಅಂತ ನಾನ ಕೇಳಿದೆ. ಅವ, ಇದು ಹತ್ತಿದ್ರ ನಾಕೂ ಗಾಲಿ ಎಳೀತಾವ ಅಂದ. ಹಂಗಂದ್ರ ನನ್ನ ಎತ್ತು ಯಾಕ ಬೇಕಾದ್ವು ನಿನಗ ಅಂದೆ."

ವಾಹಿದಾ ನಕ್ಕಳು. ಬಸ್ಸಿನಲ್ಲಿ ಮರಳುವಾಗ ಅಷ್ಟೇ ಹೇಳಿದಳು: "ಮಣ್ಣೂ ಸುಳ್ಳು ಹೇಳಂಗಿಲ್ಲ, ಬೂದೆಪ್ಪಗೂ ಸುಳ್ಳು ಹೇಳೋ ದರ್ದಿಲ್ಲ. ದೀಪ ಹತ್ತಿತ್ತು, ಗಾಲಿ ತಿರುಗಿಲ್ಲ. ಸುಳ್ಳು ಹೇಳಿದ್ದು ಜೀಪು."

ಶುಕ್ರವಾರ ಬೆಳಿಗ್ಗೆ ವಾಹಿದಾ ಸೀಟಿನ ಅಳತೆಯ ನೆಪ ಮಾಡಿ ಬಾಲಮ್ಮನೊಂದಿಗೆ ಆಫೀಸಿನ ಅಂಗಳಕ್ಕೆ ಬಂದಳು. ಬುಧವಾರ ದೊಡ್ಡ ಸಾಹೇಬರ ಮುಂದೆ ಓಡಿಸಿ ನೋಡಿದಾಗಿನಿಂದ ಜೀಪಿಗೆ ಕಾವಲಿತ್ತು. ಕಾವಲಿಗೆ ಕೂತಿದ್ದವನು ಗಡಿಗೆಪ್ಪ. ಸರ್ವೆಯ ದಿನಗಳಲ್ಲಿ ಅಳತೆಯ ಕೋಲು ಹೊರುವವನೂ ಅವನೇ. ಅವನು ಇವರನ್ನು ತಡೆಯಲಿಲ್ಲ, ಮುಖ ಎತ್ತಿ ನೋಡಲೂ ಇಲ್ಲ.

ಪರಮಣ್ಣ ಪ್ರತಿ ಅಮಾವಾಸ್ಯೆಗೆ ಜೀಪು ತೊಳೆದು, ಮನೆದೇವರ ಅರಿಶಿನ ಪುಡಿಯನ್ನು, ಅಂದರೆ ಭಂಡಾರವನ್ನು, ಚಕ್ರ, ಗೇರು, ಗುಂಡಿ ಎಲ್ಲಕ್ಕೂ ಒಂದೊಂದು ಬೊಟ್ಟು ಹಚ್ಚುತ್ತಿದ್ದ. ಜಪಾನಿ ಅಕ್ಷರ ಓದಲು ಬಾರದೆ, ಯಾವ ಗುಂಡಿ ಯಾತಕ್ಕೆಂದು ತಿಳಿಯದಿದ್ದರೂ ಯಾವುದನ್ನೂ ಬಿಡುತ್ತಿರಲಿಲ್ಲ. ಎಡಗಡೆಯ ಸೀಟಿನ ಮುಂದೆ, ಮೊಣಕಾಲಿನ ಎತ್ತರದಲ್ಲಿ ಸಾಲಾಗಿ ಏಳು ಗುಂಡಿಗಳಿದ್ದವು. ಬಾಲಮ್ಮ ಎಣಿಸಿದಳು. ಆರರ ಮೇಲೆ ಹಳದಿ ಇತ್ತು. ಕೊನೆಯದು ಬರೀ ಕಪ್ಪು.

ವಾಹಿದಾ ಸೀಟಿನ ಕೆಳಗೆ ಮಲಗಿ, ಒಳಗಿನ ತಂತಿಗಳ ನಡುವೆ ಕೈ ಹಾಕಿದಳು. ಒಂದು ತಂತಿಯ ಕೂಡಿಕೆಗೆ ಸುತ್ತಿದ್ದ ಬಟ್ಟೆಯ ಪಟ್ಟಿ ಅವಳ ಬೆರಳಿಗೆ ಸಿಕ್ಕಿತು. ಉಗುಳು ಹಚ್ಚಿ ತಿಕ್ಕಿದಳು. ಬಿರುಸಾಗಿದ್ದ ಬಟ್ಟೆ ಅಂಟಂಟಾಗಿ, ಕೆಳಗಿನಿಂದ ಮಲ್ಲಿನಂಥ ನಯವಾದ ನೂಲು ಎದ್ದಿತು.

"ಬಾಲವ್ವ, ಅಮಾವಾಸ್ಯೆ ಎಂದಿತ್ತು?"

"ಹೋದ ಶುಕ್ರವಾರ."

"ಆಮ್ಯಾಲೆ ಈ ಗಾಡಿ ಯಾರ ಕೈಯಾಗಿತ್ತು?"

ಲಾಗ್‌ಬುಕ್ ಬಾಲಮ್ಮನ ಮೇಜಿಗೇ ಬರುತ್ತಿತ್ತು. "ಶನಿವಾರ, ಆಯಿತವಾರ ಅಣ್ಣ ರಜಾ ಹಾಕಿ ಊರಿಗಿ ಹೋಗಿದ್ದ. ಶನಿವಾರ ಗಾಡಿ ಹೊರಗ ಹೋಗಿಲ್ಲ. ಆಯಿತವಾರ ಹನುಮಂತ್ರಾಯ ಸಾಹೇಬ್ರು ತಾವ ಓಡಿಸಿಕೊಂಡು ದೇವದುರ್ಗಕ್ಕ ಹೋಗಿ ಬಂದ್ರು. ಸೋಮವಾರ ಎಲೆಕ್ಟ್ರಿಷಿಯನ್ ವಿರೂಪಣ್ಣ ಹಾರ್ನ್ ರಿಪೇರಿ ಮಾಡ್ಯಾನ." ವಿರೂಪಣ್ಣನ ಹೆಸರು ಹೇಳಲು ಅವಳಿಗೆ ಮನಸ್ಸಿರಲಿಲ್ಲ. ಆಫೀಸಿನಲ್ಲಿ ಪರಮಣ್ಣನ ಪರವಾಗಿ ಮಾತಾಡಿದವನು ಅವನೊಬ್ಬನೇ.

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ದೊಡ್ಡ ಸಾಹೇಬರು, ಅಂದರೆ ಕಾರ್ಯನಿರ್ವಾಹಕ ಎಂಜಿನಿಯರು, ಅಂಗಳಕ್ಕೆ ಬಂದರು. ಸಿಬ್ಬಂದಿಯೆಲ್ಲ ಬೇವಿನ ಮರದ ಕೆಳಗೆ ಕೂಡಿದ್ದರು. ಪರಮಣ್ಣ ಕೈಕಟ್ಟಿ ನಿಂತಿದ್ದ, ತಲೆ ಮಾತ್ರ ತಗ್ಗಿಸಿರಲಿಲ್ಲ.

"ಸಹಿ ಮಾಡ್ತೀಯೋ ಇಲ್ಲೋ?"

"ಮಾಡದ ತಪ್ಪಿಗಿ ಸಹಿ ಮಾಡಂಗಿಲ್ರೀ."

"ಸಾಹೇಬ್ರ, ಹತ್ತು ನಿಮಿಷ ಕೊಡ್ರಿ," ಎಂದಳು ವಾಹಿದಾ. "ಜೀಪಿನ ನಾಕೂ ಗಾಲಿ ನೆಲ ಬಿಡೂ ಹಂಗ ಜಾಕ್ ಮ್ಯಾಲ ಎತ್ತಿಸ್ರಿ."

ಹನುಮಂತ್ರಾಯ ನಕ್ಕ. "ಗಾದಿ ಹೊಲಿಯಾಕಿ ಎಂಜಿನಿಯರಿಂಗ್ ಹೇಳಾಕ ಬಂದಾಳ."

"ಗಾದಿ ಮ್ಯಾಲ ಕುಂತವರು ಹೇಳಿದ್ರ ನಾ ಯಾಕ ಬರ್ತಿದ್ದೆ ರೀ?"

ಯಾರೋ ಕಿಸಕ್ಕೆಂದರು. ದೊಡ್ಡ ಸಾಹೇಬರು ಗಡಿಯಾರ ನೋಡಿ, ಸರಿ ಎಂದರು. ವಿರೂಪಣ್ಣ ಜೀಪನ್ನು ಎತ್ತಿಸಿದ. ಪರಮಣ್ಣ ಹತ್ತಿ, ಚಾಲೂ ಮಾಡಿ, ಗುಂಡಿ ಒತ್ತಿದ. ಹಸಿರು ದೀಪ ಹತ್ತಿತು, ನಾಲ್ಕೂ ಗಾಲಿ ತಿರುಗಿದವು. ವಾಹಿದಾ ಅದನ್ನು ನಿಲ್ಲಿಸಲು ಹೇಳಿ, ಎಡಗಡೆಯ ಸೀಟಿನಲ್ಲಿ ಕುಳಿತು, ಕೊನೆಯ ಕಪ್ಪು ಗುಂಡಿಯನ್ನು ಕೆಳಗೆ ತಳ್ಳಿದಳು. ಪರಮಣ್ಣ ಮತ್ತೆ ಚಾಲೂ ಮಾಡಿದ. ಹಸಿರು ದೀಪ ಹಾಗೆಯೇ ಉರಿಯಿತು. ಹಿಂದಿನ ಗಾಲಿಗಳು ಭರ್ರನೆ ತಿರುಗಿದವು. ಮುಂದಿನವು ಸತ್ತಂತೆ ನಿಂತಿದ್ದವು.

ಸಿಬ್ಬಂದಿಯೆಲ್ಲ ಜೀಪಿನ ಹತ್ತಿರಕ್ಕೆ ಸರಿದರು.

"ಗೇರಿನ ಗುಂಡಿ ಒತ್ತಿದ್ರ ಕರೆಂಟು ಎರಡು ದಾರಿ ಹಿಡೀತದ," ಎಂದಳು ವಾಹಿದಾ. "ಒಂದು ದೀಪಕ್ಕ, ಒಂದು ಮುಂದಿನ ಗಾಲಿ ಕೂಡಸೋ ಯಂತ್ರಕ್ಕ. ಈ ಕಪ್ಪು ಸ್ವಿಚ್ಚು ಎರಡನೇ ದಾರಿ ಅಷ್ಟ ಕಡೀತದ. ಡ್ರೈವರಗ ದೀಪ ಕಾಣತದ, ನಾಕೂ ಎಳ್ಯಾಕತ್ತಾವ ಅಂತ ನಂಬತಾನ. ತಂತಿನ ಕಿತ್ತಿದ್ರ ಮರುದಿನ ಸಿಕ್ಕಿಬೀಳ್ತಿತ್ತು. ಸ್ವಿಚ್ಚಾದ್ರ ಒಂದು ಬೆರಳಿನ ಕೆಲಸ."

"ಅದು ಕಂಪನಿಯಿಂದ್ಲೇ ಬಂದಿರಬೇಕು," ಎಂದ ಹನುಮಂತ್ರಾಯ.

"ಕಂಪನಿಯಿಂದ ಬಂದಿದ್ರ ಅದಕ್ಕ ಭಂಡಾರ ಇರಬೇಕಿತ್ತು. ಪರಮಣ್ಣ, ಅಮಾವಾಸ್ಯೆ ದಿನ ಅಲ್ಲಿ ಏನಿತ್ತಪ್ಪ?"

"ಬರೇ ರಬ್ಬರ್ ಮುಚ್ಚಳ ಇತ್ರಿ. ಅದಕ್ಕೂ ಹಚ್ಚಿದ್ದೆ. ಆ ಕಡಿ ಸಾಹೇಬ್ರ ಮೊಣಕಾಲು ಇರ್ತಾವ, ನನಗ ಕಾಣಂಗಿಲ್ಲ."

"ಅಂದ್ರ ಸ್ವಿಚ್ಚು ಅಮಾವಾಸ್ಯೆ ಆದಮ್ಯಾಲ ಕುಂತದ. ಆಮ್ಯಾಲೆ ಪರಮಣ್ಣನ್ನ ಬಿಟ್ರ ಇದನ್ನ ಮುಟ್ಟಿದವರು ಇಬ್ರ. ಸೋಮವಾರ ವಿರೂಪಣ್ಣ, ಆಯಿತವಾರ ಹನುಮಂತ್ರಾಯ ಸಾಹೇಬ್ರು."

ಎಲ್ಲರ ಕಣ್ಣು ಮೊದಲು ವಿರೂಪಣ್ಣನ ಕಡೆಗೇ ತಿರುಗಿದವು. ಬಾಲಮ್ಮ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಳು.

"ವಿರೂಪಣ್ಣನ ಕಿಸೆಯಾಗ ಯಾವಾಗ್ಲೂ ಕರಿ ಟೇಪಿನ ಉಂಡಿ ಇರ್ತದ. ಈ ಕೂಡಿಕಿಗಿ ಸುತ್ತಿದ್ದು ಟೇಪಲ್ಲ, ಬಟ್ಟಿ. ಗಂಜಿ ಹಾಕಿ ಮೆರುಗು ಕೊಟ್ಟಿದ್ದು. ನಕಾಶಿ ಬರೀಲಿಕ್ಕೆ ಎಂಜಿನಿಯರ್ ಸಾಹೇಬ್ರು ಬಳಸ್ತಾರಲ್ಲ, ಅದ. ಇಂಥ ಹಳೇ ಬಟ್ಟಿ ತೊಳದು ಸಾಹೇಬ್ರ ಮನ್ಯಾಗ ಕೂಸಿಗಿ ಅಂಗಿ ಹೊಲಸ್ತಾರ. ಎಷ್ಟು ಹೊಲದೀನಿ ನಾನು. ವಿರೂಪಣ್ಣಗ ಟೇಪ್ ಬಿಟ್ಟು ಇದನ್ನ ಹುಡುಕೋ ಕರ್ಮ ಏನದ?"

"ಇಷ್ಟಕ್ಕ ನನ್ನ ಕಳ್ಳ ಅಂತೀಯಾ?"

"ಇಷ್ಟಕ್ಕ ಅಲ್ಲ. ಮಂಗಳವಾರ ಎಡಗಡಿ ಕುಂತವರು ಯಾರು? ನೀವು. ಬೂದೆಪ್ಪ ಎತ್ತು ಕಟ್ಟಿದಾಗ ದೀಪ ಉರೀತಿತ್ತು, ಮುಂದಿನ ಗಾಲಿ ತಿರುಗಿಲ್ಲ. ಅಂದ್ರ ಸ್ವಿಚ್ಚು ಕೆಳಗಿತ್ತು. ಬುಧವಾರ ನಾಕೂ ತಿರುಗಿದ್ವು. ಅವತ್ತು ಎಡಗಡಿ ಕುಂತವರು ಯಾರು, ದೊಡ್ಡ ಸಾಹೇಬ್ರ?"

ದೊಡ್ಡ ಸಾಹೇಬರು ನಿಧಾನವಾಗಿ ಹೇಳಿದರು: "ಹನುಮಂತ್ರಾಯರು. ನಾನು ಹಿಂದೆ ಕೂತಿದ್ದೆ."

"ಕೂಡೋ ಮುಂದ ಮೊಣಕಾಲಿನ ಹತ್ರ ಕೈ ಹೋತು, ಸ್ವಿಚ್ಚು ಮ್ಯಾಲ ಬಂತು. ಅವತ್ತಿನಿಂದ ಜೀಪಿಗಿ ಕಾವಲು, ಕಿತ್ತು ತಗಿಯಾಕ ಪುರಸೊತ್ತು ಸಿಗಲಿಲ್ಲ."

"ನನ್ನ ಪುಸ್ತಕ ನಾನೇ ಯಾಕ ಕದೀಲಿ?" ಹನುಮಂತ್ರಾಯನ ದನಿ ಏರಿತು.

ವಾಹಿದಾ ಗಡಿಗೆಪ್ಪನನ್ನು ನೋಡಿದಳು. "ಅದು ನನಗ ಗೊತ್ತಿಲ್ಲ. ಗೊತ್ತಿದ್ದವರು ಮೂರು ದಿನದಿಂದ ಮಾರಿ ಕೆಳಗ ಹಾಕ್ಕೊಂಡು ಕುಂತಾರ."

ಗಡಿಗೆಪ್ಪ ಎದ್ದು ನಿಂತ. ರುಮಾಲು ಸರಿಮಾಡಿಕೊಂಡ. "ಪುಸ್ತಕದಾಗ ಹನ್ನೊಂದು ದಿನದ ಅಳತಿ ಅದ ಅಂತ ಬರದಾರ್ರೀ. ಆ ಹನ್ನೊಂದು ದಿನ ನಾ ಕೋಲು ಹೊತ್ತಿಲ್ಲ. ಸಾಹೇಬ್ರು ದೇವದುರ್ಗದ ಬಂಗಲ್ಯಾಗ ಕುಂತು ಮನಸ್ಸಿಗಿ ಬಂದಂಗ ಅಂಕಿ ಬರದ್ರು. ಬಾಯಿ ಬಿಟ್ರ ನಿನ್ನ ಕೆಲಸ ಇರಂಗಿಲ್ಲ ಅಂದಿದ್ರು. ಈಗ ಬಿಟ್ಟೀನಿ. ತಗಿರಿ ಕೆಲಸ."

"ಮುಂದಿನ ವಾರ ಬೆಂಗಳೂರಿನಿಂದ ಮರುತಪಾಸಣೆಗೆ ಬರುವವರಿದ್ದರು," ಎಂದರು ದೊಡ್ಡ ಸಾಹೇಬರು, ಯಾರಿಗೂ ಅಲ್ಲ ಎಂಬಂತೆ. "ಒಂದು ಅಂಕಿ ತಾಳೆ ನೋಡಿದ್ದರೂ ಸಿಕ್ಕಿಬೀಳುತ್ತಿತ್ತು."

"ಪುಸ್ತಕ ಸುಮ್ನ ಕಳದ್ರ ಇವರ ಮ್ಯಾಲ ಬರ್ತಿತ್ತು," ಎಂದಳು ವಾಹಿದಾ. "ಅದಕ್ಕ ಗಾಡಿ ಹೂಳಬೇಕಿತ್ತು, ಡ್ರೈವರ್ ಎತ್ತಿಗಿ ಹೋಗಬೇಕಿತ್ತು, ಹೂತಿದ್ದೂ ಡ್ರೈವರ್ ತಪ್ಪು ಅನ್ನಿಸಬೇಕಿತ್ತು. ಪರಮಣ್ಣ, ಆ ಬಂಡಿದಾರಿ ಹಿಡಿ ಅಂದವರು ಯಾರು?"

"ಇವರ. ನಾಕು ಗಾಲಿ ಗಾಡಿ ಅದ, ಅಂಜತೀಯೇನು ಅಂದ್ರು."

ಹನುಮಂತ್ರಾಯ ಬೇವಿನ ಮರಕ್ಕೆ ಒರಗಿದ. ಆಮೇಲೆ, ನೆಲ ನೋಡುತ್ತ, "ಪುಸ್ತಕ ಇಲ್ಲ. ಹಳೇ ಕಾಲುವಿಗಿ ಹಾಕಿಬಿಟ್ಟೆ," ಎಂದ.

ದೊಡ್ಡ ಸಾಹೇಬರು ಅವನನ್ನು ಒಳಗೆ ಕೂಡಿಸಿ ಠಾಣೆಗೆ ಫೋನ್ ಮಾಡಲು ಹೇಳಿದರು. ಬಳಿಕ ಜೀಪಿನ ಕೀಲಿಯನ್ನು ಪರಮಣ್ಣನ ಕಡೆ ಚಾಚಿದರು. "ತಗೋ. ಆಗಿದ್ದು ಆಯಿತು. ಕೆಲಸಕ್ಕೆ ಹತ್ತು."

ಪರಮಣ್ಣ ಕೈ ಬಿಚ್ಚಲಿಲ್ಲ. "ಬುಧವಾರ ಇಷ್ಟೂ ಮಂದಿ ಮುಂದ ನನ್ನ ಕಳ್ಳ ಅಂದ್ರಿ, ಸಾಹೇಬ್ರ. ಇಷ್ಟ ಮಂದಿ ಮುಂದ ಅಲ್ಲ ಅನ್ರಿ. ಆಮ್ಯಾಲೆ ಕೀಲಿ."

ಇಂಥ ಮಾತನ್ನು ಆ ಅಂಗಳ ಯಾವತ್ತೂ ಕೇಳಿರಲಿಲ್ಲ. ಮೊದಲಾಗಿದ್ದರೆ ಬಾಲಮ್ಮ ಅಣ್ಣನ ತೋಳು ಜಗ್ಗಿ, ಸಾಕು ಬಿಡು ಎನ್ನುತ್ತಿದ್ದಳು. ಅವಳ ಕೈ ಅರ್ಧ ಎದ್ದಿತು ಕೂಡ. ಆದರೆ ತೋಳು ಮುಟ್ಟದೆ ಅಲ್ಲೇ ನಿಂತಿತು. ವಾಹಿದಾ ಪಕ್ಕದಲ್ಲಿ ಅಳತೆಯ ಟೇಪು ಸುತ್ತುತ್ತಿದ್ದಳು.

ದೊಡ್ಡ ಸಾಹೇಬರ ಮುಖ ಕೆಂಪಾಯಿತು. ಕನ್ನಡಕ ತೆಗೆದು ಒರೆಸಿದರು. "ಪರಮಣ್ಣ ಕಳ್ಳನಲ್ಲ," ಎಂದರು, ಮೀಸೆಯೊಳಗೇ.

"ಸಾಹೇಬ್ರ," ಎಂದಳು ಬಾಲಮ್ಮ. ಒಂದೊಂದು ಶಬ್ದವನ್ನೂ ಬಿಡಿಸಿ ಹೇಳಿದಳು. "ಗೇಟಿನ ಹತ್ರ ನಿಂತವರಿಗಿ ಕೇಳ್ಸಿಲ್ಲ. ಇನ್ನೊಮ್ಮಿ ಅನ್ರಿ."

ದೊಡ್ಡ ಸಾಹೇಬರು ಇನ್ನೊಮ್ಮೆ ಅಂದರು, ಗೇಟಿನಾಚೆಗೂ ಕೇಳಿಸುವಂತೆ.

ಪರಮಣ್ಣ ಕೀಲಿ ತೆಗೆದುಕೊಂಡ.