ಎಮ್ಮೆ ಮುಟ್ಟದ ಬೂಸಾ

ಹುಲಗಪ್ಪನನ್ನು ಬೆಳಿಗ್ಗೆ ಏಳಕ್ಕೆ ಥಂಡಿ ಕೋಣೆಯೊಳಗೆ ನೂಕಿ ಹೊರಗಿನಿಂದ ಚಿಲಕ ಹಾಕಿದರು. ಒಳಗೆ ನಾಲ್ಕು ಡಿಗ್ರಿ. ಅವನ ಮೈಮೇಲೆ ಒಂದೇ ಅಂಗಿ. ಪಾಳಿಗೆ ಬಂದ ನಲವತ್ತು ಮಂದಿ ಅದನ್ನು ನೋಡಿದರು.

ಕಳವನ್ನು ಮೊದಲು ಕಂಡವನೂ ಅವನೇ. ಬೇಲೂರು ಕೈಗಾರಿಕಾ ಪ್ರದೇಶದ ಆ ಸಣ್ಣ ಬಿಯರ್ ಕಾರ್ಖಾನೆಯಲ್ಲಿ ಅವನು ಉಗ್ರಾಣದ ಗುತ್ತಿಗೆ ಆಳು. ಆರಕ್ಕೆ ಬಂದ. ಇದೇ ಥಂಡಿ ಕೋಣೆ ತೆರೆದ. ಹಾಪ್ಸ್ ಇಡುವ ಹಲಗೆ ನೋಡಿದ—ಖಾಲಿ! ಬಿಯರಿಗೆ ಕಹಿ ಕೊಡುವ ಹೂವು ಅದು. ಅರೆದು ಆಡಿನ ಹಿಕ್ಕಿಯಂಥ ಹಸಿರು ಗುಳಿಗೆ ಮಾಡಿರುತ್ತಾರೆ. ಹತ್ತು ಕಿಲೋ. ಮುಂಬೈಯಿಂದ ಬರಲು ಒಂದು ತಿಂಗಳು ಹಿಡಿದಿತ್ತು. ಹುಲಗಪ್ಪ ಓಡಿಹೋಗಿ ಹೇಳಿದ. ಹೇಳಿದ್ದಕ್ಕೇ ಸಿಕ್ಕಿಬಿದ್ದ.

ಕೋಣೆಗೆ ಕೀಲಿಕೈ ಮೂರು. ಇಬ್ಬರು ಪಾಲುದಾರರ ಹತ್ತಿರ ಒಂದೊಂದು, ಇವನ ಹತ್ತಿರ ಒಂದು. ಮೂವರಲ್ಲಿ ಕೂಡಿಹಾಕಿಸಿಕೊಂಡವನು ಇವನೊಬ್ಬನೇ.

ಬಾಗಿಲ ಕೆಳಗೆ ರಬ್ಬರು ಹರಿದಿತ್ತು. ಆ ಸಂದಿಯಿಂದ ಒಂದು ಕಾಗದ ತೂರಿ ಬಂತು, ಅದರ ಹಿಂದೆ ಪೆನ್ನು.

“ಸಹಿ ಮಾಡು,” ಎಂದಿತು ದೊಡ್ಡ ಪಾಲುದಾರ ಶಂಭುಲಿಂಗನ ದನಿ. “ನಾನ ಕದ್ದೇನಿ ಅಂತ ಬರದೈತಿ. ಮಾಡಿದ್ರ ಬಾಗ್ಲಾ ನಾ ತಗೀತೇನಿ. ಇಲ್ಲಂದ್ರ ಪೊಲೀಸ್ರು ಬಂದು ತಗೀತಾರ.”

ಹುಲಗಪ್ಪ ಪೆನ್ನು ಮುಟ್ಟಲಿಲ್ಲ. ಕಳ್ಳ ಅನ್ನಿಸಿಕೊಂಡವನಿಗೆ ಬೇಲೂರಿನ ಯಾವ ಗೇಟೂ ತೆರೆಯುವುದಿಲ್ಲ. ಸತ್ತೂರಿನ ಬಾಡಿಗೆ ಕೋಣೆಗೆ ಹೋಗಿ ಹೆಂಡತಿ ಹೊಳೆವ್ವನಿಗೆ ಏನು ಹೇಳುವುದು? ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು ನೆಲಕ್ಕೆ ಬಾಗಿ, ಸಂದಿಗೆ ಕಿವಿ ಹಚ್ಚಿದ.

“ಶಂಭಣ್ಣ, ಅಂವಾ ಹಾಪ್ಸ್ ಒಯ್ದು ಏನ್ ಮಾಡ್ತಾನ? ಒಗ್ಗರಣಿ ಹಾಕ್ತಾನೇನು?” ಇದು ಸಣ್ಣ ಪಾಲುದಾರ ಸಿದ್ಧಾರೂಢ. ಬಿಯರ್ ಕುದಿಸುವವನು ಅವನೇ.

“ನಿನ್ನ ಕಹಿ ಹುಚ್ಚಿಗೆ ತರಿಸಿದ ಮಾಲದು. ಹೋಗಿದ್ದ ಛಲೋ ಆತು. ನಮ್ಮ ಮಂದಿಗೆ ಸಮತೂಕದ ಬಿಯರ್ ಬೇಕಪಾ—ಒಂದೀಟ ಸಿಹಿ, ಒಂದೀಟ ಕಹಿ. ನಿಂದು ಬೇವಿನ ಕಷಾಯ!”

“ನಿಂದು ಮದುವಿ ಮನಿ ಸಾರು. ಯಾರಿಗೂ ಬ್ಯಾಸರಾಗಬಾರ್ದು ಅಂತ ಮಾಡಿದ್ದು. ಕುಡದ ಮ್ಯಾಲ ನಾಲಿಗಿಗೆ ನೆನಪ ಇರಂಗಿಲ್ಲ.”

ಈ ಜಗಳ ಕಾರ್ಖಾನೆಗೆಲ್ಲ ಗೊತ್ತಿದ್ದದ್ದೇ. ಮುಂದಿನ ತಿಂಗಳು ಗೋವಾದ ವ್ಯಾಪಾರಿಗಳು ಬಂದು ಎರಡನ್ನೂ ರುಚಿ ನೋಡಿ ಒಂದನ್ನು ಆರಿಸುವವರಿದ್ದರು. ಸಮತೂಕದ್ದು ಆಗಲೇ ತಯಾರಾಗಿತ್ತು. ಕಹಿಯದನ್ನು ಇಂದೇ ಕುದಿಸಬೇಕಿತ್ತು.

“ಕಳವು ಅಂದ ಮ್ಯಾಲ ಗೇಟ್ ದಾಟಿರಬೇಕ್ರಿ.” ಮೂರನೆಯ ದನಿ ಗಿರಿಯಪ್ಪನದು. ಪೊಲೀಸ್ ಇಲಾಖೆಯಲ್ಲಿ ದಫೇದಾರನಾಗಿ ನಿವೃತ್ತನಾಗಿ ಈಗ ಗೇಟು ಕಾಯುತ್ತಿದ್ದ. “ಗೇಟಿನ್ಯಾಗ ನಾ ಅದೇನಿ. ಚೀಲ ನೋಡೇನಿ, ಗಟಾರ ನೋಡೇನಿ, ಇಂವನ ಬುತ್ತಿ ಡಬ್ಬಿ ಸೈತ ನೋಡೇನಿ. ಒಂದ ಗುಳಿಗಿ ಸಿಕ್ಕಿಲ್ಲ.”

ಒಂಬತ್ತರ ಹೊತ್ತಿಗೆ ಟೆಂಪೋ ಒಂದು ಹಾರ್ನು ಹೊಡೆಯುತ್ತ ಒಳಗೇ ನುಗ್ಗಿತು. ದಾವಲಬಿ! ರಸ ಬಸಿದ ಜವೆಗೋಧಿಯ ಬೂಸಾವನ್ನು ದಿನವೂ ತನ್ನ ಎಮ್ಮೆಗಳಿಗೆ ಒಯ್ಯುವಾಕೆ.

“ದಫೇದಾರ್ರ, ನಿಮ್ಮ ಬೂಸಾ ನೀವ ತಿನ್ರಿ! ಆರು ಎಮ್ಮಿ, ಆರೂ ಮೂಸಿ ಮೂತಿ ತಿರುವ್ಯಾವ. ಹಸದು ನನ್ನ ಮಾರಿ ನೋಡಾಕತ್ತಾವ!”

ಗಿರಿಯಪ್ಪನ ಹೆಜ್ಜೆಗಳು ಟೆಂಪೋದತ್ತ ಹೋದವು. ಸ್ವಲ್ಪ ಹೊತ್ತಿಗೆ ಉಗುಳುವ ಸದ್ದು.

“ಥೂ! ಸಣ್ಣ ಸಾವ್ಕಾರ್ರ, ಹಾಪ್ಸ್ ಬೂಸಾಕ್ಕ ಯಾವಾಗ ಕೂಡತೈತ್ರಿ?”

“ಯಾವತ್ತೂ ಕೂಡಂಗಿಲ್ಲ. ಮೊದಲ ರಸ ಬಸೀತೇವಿ, ಬೂಸಾ ಹೊರಗ ಹೋಗತೈತಿ. ಆಮ್ಯಾಲ ರಸಕ್ಕ ಹಾಪ್ಸ್ ಹಾಕಿ ಕುದಸ್ತೇವಿ.”

“ಹಂಗಾರ ಇದನ್ನೀಟು ನೆಕ್ಕಿ ನೋಡ್ರಿ.”

“ಅಯ್ಯಯ್ಯ... ನನ್ನ ಹಾಪ್ಸ್! ಬಿಸಿ ಬೂಸಾದಾಗ ಗುಳಿಗಿ ಕರಗಿ ಪುಡಿ ಆಗ್ಯಾವ!”

ಗೇಟಿನ ಪುಸ್ತಕದ ಹಾಳೆ ತಿರುವುವ ಸದ್ದು.

“ನಾನೂ ಕುರುಡಾದ್ನಿ,” ಎಂದ ಗಿರಿಯಪ್ಪ. “ಮಂದಿ ಸಾಲು ಎರಡ ಸಲ ಓದಿದ್ನಿ, ಬೂಸಾದ ಸಾಲು ಓದಲಿಲ್ಲ. ನನ್ನ ಕೈಯಾರೆ ಬರದದ್ದು! ಬೂಸಾ ಗೇಟ್ ದಾಟಿದ್ದು ಐದೂ ಹತ್ತಕ್ಕ. ಹುಲಗಪ್ಪ ಬಂದಿದ್ದು ಆರಕ್ಕ. ಅಂವಾ ಬರೂದ್ರಾಗ ಮಾಲು ಎಮ್ಮಿ ಮುಂದಿತ್ತು.”

ಒಳಗೆ ಹುಲಗಪ್ಪ ಗೋಡೆ ಹಿಡಿದು ಎದ್ದು ನಿಂತ. ಕಾಲು ತನ್ನವೇ ಅನ್ನಿಸಲಿಲ್ಲ.

“ದಾವಲಬಿ, ದಿನಾ ಎಂಟಕ್ಕ ಒಯ್ಯಾಕಿ. ಇವತ್ತ್ಯಾಕ ಅಷ್ಟ ಲಗೂ ಬಂದಿ?”

“ಫೋನ್ ಬಂತಲ್ರಿ. ಬಿಸಿ ಇದ್ದಾಗ ಹಾಕು, ಹಾಲು ಹೆಚ್ಚಾಕ್ಕೈತಿ ಅಂದ್ರು.”

“ಯಾರಂದ್ರು?”

“ಇವರ. ದೊಡ್ಡ ಸಾವ್ಕಾರ್ರು. ಸಲಿಕಿ ಹಿಡದು ತುಂಬಿ ಕೊಟ್ಟವ್ರೂ ಇವರ. ಎಷ್ಟ್ ದೊಡ್ಡ ಮನಸು ಅಂದ್ಕೊಂಡ್ನಿ!”

“ಸುಮ್ನಿರು!” ಶಂಭುಲಿಂಗನ ದನಿ ಏರಿತು. “ಸಿದ್ಧಾರೂಢನ ಹಂತೇಕೂ ಕೀಲಿ ಐತಿ. ಅಂವಾ ಹಾಕಿರಬಾರ್ದೇನು?”

“ಸಣ್ಣ ಸಾವ್ಕಾರ್ರು ದಿನಾ ಒಂದ ಗುಳಿಗಿ ಅಗದ ನೋಡಾವ್ರು. ಎಮ್ಮಿ ಇದನ್ನ ಮುಟ್ಟಂಗಿಲ್ಲಂತ ಅವ್ರಿಗೆ ಗೊತ್ತು. ಅವರಾಗಿದ್ರ ಬಿಸಿನೀರು ಬಿಟ್ಟು ಗಟಾರಕ್ಕ ಹಾಕತಿದ್ರು. ದನ ತಿಂದು ಸಾಕ್ಷಿ ಅಳಸತಾವ ಅಂತ ತಿಳದಾಂವ, ಹಾಪ್ಸ್ ಒಮ್ಮೆನೂ ನಾಲಿಗಿ ಮ್ಯಾಲ ಇಟ್ಕೊಂಡಾಂವಲ್ಲ. ಹಾಕಿದವ್ರು ನೀವ ರೀ. ಎಲ್ಲಾರ ರುಚಿ ನಿಮಗ ಗೊತ್ತು, ಎಮ್ಮಿದೊಂದ ಕೇಳಲಿಲ್ಲ.”

“ಪುಸ್ತಕದಾಗ ನನ್ನ ಹೆಸರು ಐತೇನು?”

“ಇಲ್ರಿ. ಸಾವ್ಕಾರ್ರ ಹೆಸರು ಬರಿಯೂ ಪದ್ಧತಿ ಇಲ್ಲ.”

ಹೆಜ್ಜೆ ಸದ್ದು ಬಾಗಿಲ ಬಳಿ ಬಂತು. ಆಮೇಲೆ ಚಿಲಕ ಸರಿಯಿತು. ಬೆಳಕಿನ ಜೊತೆ ಬೆಚ್ಚನೆ ಗಾಳಿ ಒಳಗೆ ಬಂತು. ಬಾಗಿಲಲ್ಲಿ ಶಂಭುಲಿಂಗ.

“ಆತು, ಬಾ ಹೊರಗ. ಹಿಂದಿನ ಗೇಟಿನಿಂದ ಮನಿಗಿ ಹೋಗು. ಯಾರ ಮುಂದೂ ಬಾಯಿ ಬಿಡಬ್ಯಾಡ. ನಾಳಿ ಕೆಲಸಕ್ಕ ಬಾ.”

ಹುಲಗಪ್ಪನ ತುಟಿ ನೀಲಿಗಟ್ಟಿತ್ತು. ಹಲ್ಲು ಕಟಕಟ ಅನ್ನುತ್ತಿದ್ದವು. ಸಹಿಯಿಲ್ಲದ ಕಾಗದವನ್ನು ಶಂಭುಲಿಂಗನ ಕೈಯಲ್ಲಿಟ್ಟ.

“ನಾ ಹೊರಗ ಬರೂದಿಲ್ರಿ.”

“ಏನಂದಿ?”

“ನನ್ನ ನೂಕಿದಾಗ ನಲವತ್ತ ಮಂದಿ ನೋಡ್ಯಾರ. ಅವ್ರನ್ನ ಕರೀರಿ. ಇದರಾಗ ನನ್ನ ಹೆಸರು ಹೊಡದು ನಿಮ್ಮ ಹೆಸರು ಬರೀರಿ. ಅವ್ರ ಮುಂದ ನಿಂತು ಓದ್ರಿ.”

“ಥಂಡಿಗೆ ಸಾಯ್ತಿ ಮಗನ! ಹೊರಗ ಬಾ ಅಂದ್ನಿ!”

ಹುಲಗಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಬಾಗಿಲನ್ನು ಒಳಗಿನಿಂದ ಎಳೆದುಕೊಂಡ.