ಆರರ ಪಕ್ಕದ ಸೊನ್ನೆ

ಸೆಕ್ಯೂರಿಟಿಯವನ ಮೊಣಕೈ ನನ್ನ ಗಂಟಲ ಮೇಲಿತ್ತು. ರೆಕಾರ್ಡ್ ರೂಮಿನ ಕಬ್ಬಿಣದ ರ್‍ಯಾಕು ಬೆನ್ನಿಗೆ ಒತ್ತುತ್ತಿತ್ತು.

"ಹಾಳೆ ಕೊಡು."

"ಯಾವ ಹಾಳೆ?"

ಮೊಣಕೈ ಬಿಗಿಯಾಯಿತು. ಹಾಳೆ ನನ್ನ ಅಂಗಿಯೊಳಗಿತ್ತು. ಎರಡು ನಿಮಿಷದ ಹಿಂದೆ ರೆಕಾರ್ಡ್ ಕ್ಲರ್ಕಮ್ಮ ಕೊಟ್ಟಿದ್ದರು.

"ಸೂಪರಿಂಟೆಂಡೆಂಟ್ ಸಾಹೇಬ್ರು ಹರಿದು ಹಾಕು ಅಂದ್ರು. ಇಪ್ಪತ್ತೆಂಟು ವರ್ಷ ಫೈಲು ಕಾದ ಕೈ ಇದು... ಹರಿಯೋಕೆ ಬರಲಿಲ್ಲಪ್ಪ" ಎಂದಿದ್ದರು. ಈಗ ಮೂಲೆಯಲ್ಲಿ ನಿಂತಿದ್ದರು.

ಮಂಡಿ ಎತ್ತಿ, ಎಲ್ಲಿಗೆ ಕೊಡಬೇಕೋ ಅಲ್ಲಿಗೆ ಕೊಟ್ಟೆ. ಅವನು ಕುಸಿದ.

ನಾನು ಓಡಿದೆ.

ಪೊಲೀಸ್ ಕೆಲಸ ಬಿಟ್ಟು ಒಂಬತ್ತು ವರ್ಷ. ಈಗ ಖಾಸಗಿ ತನಿಖೆ. ಹೆಚ್ಚಾಗಿ ಓಡಿಹೋದ ಗಂಡಂದಿರನ್ನು ಹುಡುಕಿಕೊಡುತ್ತೇನೆ. ಈ ಸಲ ಬಂದವನು ಒಬ್ಬ ಟೈಲರ್. ಹೆಂಡತಿಗೆ ಶುಗರ್, ಕಾಲಿನಲ್ಲಿ ಹುಣ್ಣು. ಅಡ್ಮಿಟ್ ಆದ ಮರುದಿನವೇ ಸತ್ತಳು. ಆರು ಯೂನಿಟ್ ಇನ್ಸುಲಿನ್ ಕೊಡುವಲ್ಲಿ ನರ್ಸ್ ಅರವತ್ತು ಕೊಟ್ಟಳು ಎಂದಿತು ಆಸ್ಪತ್ರೆ. ನರ್ಸ್ ಮೇಲೆ ಕೇಸು ಬಿತ್ತು. ಡಾಕ್ಟರು ಬರೆದಿದ್ದನ್ನೇ ಕೊಟ್ಟೆ ಎಂದು ಅವಳು ಅತ್ತಳು. ಆದರೆ ಪೊಲೀಸರ ಕೈಗೆ ಹೋದ ಹಾಳೆಯಲ್ಲಿ 'ಆರು ಯೂನಿಟ್' ಎಂದು ಪೂರ್ತಿ ಬರೆದಿತ್ತು, ಮುತ್ತು ಪೋಣಿಸಿದ ಹಾಗೆ.

ಡಾಕ್ಟರ ಬರಹ ಅಷ್ಟು ದುಂಡಗಿದ್ದರೆ ನನಗೆ ಅನುಮಾನ ಬರುತ್ತದೆ.

ಮೆಟ್ಟಿಲ ಕೆಳಗೆ ಇನ್ನಿಬ್ಬರು. ಲಾಂಡ್ರಿ ಟ್ರಾಲಿಯನ್ನು ಅವರತ್ತ ನೂಕಿದೆ. ಮಾಸಿದ ಬೆಡ್‌ಶೀಟುಗಳ ನಡುವೆ ಇಬ್ಬರೂ ಬಿದ್ದರು. ಹಿಂದಿನ ಗೇಟು ಹಾರಿ ಮಾರ್ಕೆಟ್ಟಿನ ಜನದಲ್ಲಿ ಸೇರಿಹೋದೆ.

ಫೋನ್ ಬಂತು. ಆಸ್ಪತ್ರೆಯ ಸೂಪರಿಂಟೆಂಡೆಂಟ್.

"ಯೂನಿಟ್‌ಗೆ ಬರೀ 'ಯು' ಅಂತ ಎಲ್ಲಾರೂ ಬರೀತಾರೆ ಕಣ್ರೀ. ದಿನಕ್ಕೆ ಎರಡು ಸಲ ಅನ್ನೋಕೆ 'ಬಿಡಿ', ಮೂರು ಸಲಕ್ಕೆ 'ಟಿಡಿಎಸ್'... ಪೂರ್ತಿ ಬರೆಯೋಕೆ ಟೈಮ್ ಎಲ್ಲಿದೆ?"

"ಬದಲಿ ಹಾಳೆ ಬರೆಯೋಕೆ ಇತ್ತಲ್ಲ ಸರ್?"



"ನಿಮಗೂ ಹೆಂಡ್ತಿ, ಮನೆ ಇರುತ್ತೆ. ಯೋಚ್ನೆ ಮಾಡಿ."

"ಹೆಂಡ್ತಿ ಬಿಟ್ಟುಹೋದ್ಲು. ಮನೆ ಬಾಡಿಗೇದು."

ಕಟ್ ಮಾಡಿದೆ.

ಟೈಲರ್ ಅಂಗಡಿಗೆ ನರ್ಸನ್ನೂ ಕರೆಸಿದ್ದೆ. ಹೊಲಿಗೆ ಮೆಷಿನ್ನಿನ ದೀಪದ ಕೆಳಗೆ ಹಾಳೆ ಬಿಡಿಸಿದೆ. 6ರ ಪಕ್ಕ U. ಅವಸರದ ಬರಹದಲ್ಲಿ ಅದರ ಬಾಯಿ ಮುಚ್ಚಿಹೋಗಿತ್ತು. ಯಾರು ನೋಡಿದರೂ ಅರವತ್ತೇ.

ಟೈಲರ್ ಅದರ ಮೇಲೆ ಬೆರಳಿಟ್ಟು ಕೂತುಬಿಟ್ಟ.

"ನಂಗೆ ಅನುಮಾನ ಬಂದಿತ್ತು ಅಣ್ಣಾ" ಎಂದಳು ನರ್ಸ್. "ಡಾಕ್ಟರಿಗೆ ಫೋನ್ ಮಾಡ್ದೆ. ಓದೋಕೆ ಬರಲ್ವಾ ಅಂತ ಬೈದು ಇಟ್ಬಿಟ್ರು. ಮತ್ತೆ ಕೇಳೋಕೆ ಹೆದರ್ಕೊಂಡೆ."

ಟೈಲರ್ ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ.

"ಇನ್ನೊಂದ್ಸಲ ಕೇಳ್ಬೇಕಿತ್ತಮ್ಮಾ..."



ಹಾಳೆ ವಿಚಾರಣೆಗೆ ಹೋಯಿತು. ನರ್ಸ್ ಮೇಲಿನ ಕೇಸು ಬಿದ್ದುಹೋಯಿತು. ಕೆಲಸ ಮಾತ್ರ ವಾಪಸ್ ಬರಲಿಲ್ಲ. ಕ್ಲರ್ಕಮ್ಮನನ್ನು ಮನೆಗೆ ಕಳಿಸಿದರು. ಡಾಕ್ಟರು ಎರಡು ವಾರ ರಜೆ ಹಾಕಿ, ಇನ್ನೂ ದೊಡ್ಡ ಆಸ್ಪತ್ರೆಗೆ ಸೇರಿಕೊಂಡರು.

ಇದನ್ನು ಹೇಳಲು ಹೋದಾಗ ಟೈಲರ್ ಒಂದು ಯೂನಿಫಾರ್ಮಿಗೆ ಗುಂಡಿ ಹೊಲಿಯುತ್ತಿದ್ದ. ಕೈ ನಿಲ್ಲಿಸಲಿಲ್ಲ.

"ನನ್ ಹೆಂಡ್ತಿ ಸ್ಕೂಲ್ ಟೀಚರ್ರು ಸಾರ್. ಅಂಥಾ ಅಕ್ಷರ ಕಂಡ್ರೆ ಎರಡು ಮಾರ್ಕ್ಸ್ ಕಳೀತಿದ್ಲು."

ಡಾಕ್ಟರಿಗೆ ಅಷ್ಟನ್ನೂ ಯಾರೂ ಕಳೆಯಲಿಲ್ಲ.