ಕಾಲುವೆಯಿಂದ ಎತ್ತಿದ ಕಾರು

"ಸಾರ್, ಆ ಗಂಟಿಗೆ ಕೈ ಹಚ್ಚಬ್ಯಾಡ್ರಿ. ಕಟ್ಟಿದಾಕೀನ ಬಂದು ಬಿಚ್ಚಬೇಕು."

ಟಿ.ಬಿ. ಡ್ಯಾಂನ ಮೆಕ್ಯಾನಿಕ್ ಗುಡ್ಡಪ್ಪ ಹೀಗೆಂದಾಗ ಕಿರಣ್ ಕುಮಾರ್ ನಕ್ಕುಬಿಟ್ಟ. ಕುರೆಕುಪ್ಪದ ಬಳಿಯ ಕಾರ್ಖಾನೆಯೊಂದರಲ್ಲಿ ಅವನು ಸೇಫ್ಟಿ ಆಫೀಸರ್. ಗೇಟಿಗೆ ಬಂದ ಲಾರಿಗಳ ಮುಂದೆ ತೂಗುವ ನಿಂಬೆಹಣ್ಣು, ಮೆಣಸಿನಕಾಯಿ, ಕರಿದಾರಗಳನ್ನೆಲ್ಲ ಕತ್ತರಿಸಿ ಡಬ್ಬಕ್ಕೆ ಹಾಕುವುದೆಂದರೆ ಅವನಿಗೆ ಎಲ್ಲಿಲ್ಲದ ಹುಮ್ಮಸ್ಸು. ತುಮಕೂರಿನಿಂದ ಬಂದು ಎಂಟೇ ತಿಂಗಳು; ಅಷ್ಟರಲ್ಲೇ ಡ್ರೈವರುಗಳ ಹಿಡಿಶಾಪವನ್ನು ಬೇಕಾದಷ್ಟು ಗಳಿಸಿಕೊಂಡಿದ್ದ.

ಕಾರನ್ನು ಕೊಂಡದ್ದು ಮೊಬೈಲಿನಲ್ಲಿ ನಡೆಯುವ ಹರಾಜಿನಲ್ಲಿ. ಅಪಘಾತವಾದ ಗಾಡಿಗಳನ್ನು ವಿಮೆಯವರು ಮಾರುವ ಸೈಟು ಅದು. ಮಾಲೀಕರ ಹೆಸರಿಲ್ಲ, ಮುಖವಿಲ್ಲ. ಹನ್ನೆರಡು ಫೋಟೋ, ಕೆಳಗೆ "ನೀರಿಗೆ ಬಿದ್ದದ್ದು, ಇದ್ದಲ್ಲಿ ಇದ್ದ ಹಾಗೆ" ಎಂಬ ಒಂದು ಸಾಲು. ಕೊನೆಯ ನಿಮಿಷದಲ್ಲಿ ಬೆರಳೊತ್ತಿ ಗೆದ್ದಿದ್ದ. ಎಲ್ಲವೂ ಅಮ್ಮನಿಗಾಗಿ. ಮಂಡಿನೋವಿನ ರೇಣುಕಮ್ಮ ವಾರಕ್ಕೆರಡು ಸಲ ಹೊಸಪೇಟೆಯ ಆಸ್ಪತ್ರೆಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗುವುದನ್ನು ನೋಡಿ ಅವನ ಕರುಳು ಚುರುಕ್ಕೆನ್ನುತ್ತಿತ್ತು. ಅವನಿಗೆ ಈ ಲೋಕದಲ್ಲಿದ್ದವಳು ಅವಳೊಬ್ಬಳೇ. ಅವಳಿಗೂ ಅವನೊಬ್ಬನೇ.

ಇಪ್ಪತ್ತು ದಿನ ಹೆಣಗಿ ಗುಡ್ಡಪ್ಪ ಇಡೀ ಕಾರನ್ನು ಬಿಚ್ಚಿ ಜೋಡಿಸಿದ್ದ. ಸ್ಟೇರಿಂಗಿನ ಕೆಳಗೆ ಕಟ್ಟಿದ್ದ ಕೆಂಪು ಬಟ್ಟೆಯ ಗಂಟನ್ನು ಮಾತ್ರ ಮುಟ್ಟಿರಲಿಲ್ಲ.

"ಬುಕ್ಕಸಾಗರದ ಉಚ್ಚೆಂಗಮ್ಮ ಕಟ್ಟ್ಯಾಳ್ರಿ. ಆಕಿ ಮಗ ಹನುಮೇಶ ಕಾರಿನ ಸಮೇತ ಕಾಲುವಿಗೆ ಬಿದ್ದ. ಕಾರು ಸಿಕ್ತು, ಹುಡುಗ ಸಿಗಲಿಲ್ಲ. ಅವನು ಸಿಗೋಮಟ ಗಾಡಿ ಒಯ್ಯಬ್ಯಾಡ್ರಿ ಅಂತ ವಿಮೆದೋರ ಕಾಲು ಹಿಡಕಂಡ್ಳು. ಯಾರೂ ಕೇಳ್ಲಿಲ್ಲ. ಆವಾಗ ಈ ಗಂಟು ಕಟ್ಟಿ ಒಂದು ಮಾತು ಆಡಿದ್ಳು ನೋಡ್ರಿ..."

"ಯಾರೋ ಆಡಿದ ಮಾತಿಗೆ ಇಂಜಿನ್ ನಿಲ್ಲುತ್ತೇನಯ್ಯಾ? ಬ್ರೇಕ್ ಸರಿಯಿದೆಯಾ, ಅದನ್ನ ಹೇಳು."

"ಐತ್ರಿ. ಆದ್ರ ಆ ಮಾತು..."

ಕಿರಣ್ ಕಟರ್ ತೆಗೆದು ಕಚಕ್ಕನೆ ಕತ್ತರಿಸಿದ. ಒಣಗಿದ ಕೆಸರು, ಅರಿಶಿನ ಮೆತ್ತಿದ ನರೆಗೂದಲು, ಮಗುವಿನದೊಂದು ಹಾಲುಹಲ್ಲು ಅಂಗೈಗೆ ಬಿದ್ದವು. "ಹೆಂಚಿನ ಮೇಲೆ ಎಸೆಯೋದನ್ನ ಕಾರಿಗೆ ಕಟ್ಟಿದ್ದಾಳಲ್ಲ ಪುಣ್ಯಾತ್ಗಿತ್ತಿ!" ಎಂದು ಎಲ್ಲವನ್ನೂ ಮೋರಿಗೆ ಎಸೆದು ಕೈ ಝಾಡಿಸಿಕೊಂಡ. ಗುಡ್ಡಪ್ಪ ಕಾರಿನ ಕೀಲಿ ಅವನ ಕೈಗಿಟ್ಟು ಹಿಂದೆ ಸರಿದ.

ಹೊಸಪೇಟೆ ದಾಟುವವರೆಗೆ ಎಲ್ಲ ಸರಿಯಿತ್ತು. ಮಟಮಟ ಮಧ್ಯಾಹ್ನ. ರಸ್ತೆಯ ಮೇಲೆ ಅದಿರಿನ ಕೆಂಧೂಳು. ಮೊದಲು ಬಂದದ್ದು ವಾಸನೆ. ಕೊಳೆತ ಪಾಚಿಯದು, ಹಸಿ ಅರಿಶಿನದ್ದು, ಸುಟ್ಟ ಕೂದಲಿನದು. ಗಾಜು ಇಳಿಸಲು ಹೋದ. ಇಳಿಯಲಿಲ್ಲ. ಹೊರಗಿನ ಬಿಸಿಲು ಮಂಕಾಗುತ್ತ ಬಂದು ಗಾಜಿನ ಮೇಲೆಲ್ಲ ಹಸಿರು ಕತ್ತಲೆ ಹಬ್ಬಿತು. ಬ್ರೇಕ್ ತುಳಿದ. ಕಾಲು ಕೆಸರಿನಲ್ಲಿ ಹೂತುಹೋಯಿತು. ನೀರು! ಪಾದಕ್ಕೆ ಬಂತು. ಮಂಡಿಗೆ ಬಂತು. ಬಾಗಿಲು ಗುದ್ದಿದ. ತೆರೆಯಲಿಲ್ಲ. ನೀರು ಸೊಂಟ ಮುಟ್ಟಿತು. ಎಲ್ಲೋ ದಡದ ಮೇಲಿಂದ ಮುದುಕಿಯೊಬ್ಬಳ ಕೂಗು.

"ಹನುಮೇಶಾ... ಎಲ್ಲಿದ್ದೀಯೋ ನನ್ನಪ್ಪಾ..."

ನೀರು ಎದೆಗೇರಿತು. ಗಂಟಲಿಗೇರಿತು. ಕೂಗು ಹತ್ತಿರವಾಯಿತು. ದನಿ ಬದಲಾಯಿತು.

"ಕಿರಣಾ... ಎಲ್ಲಿದ್ದೀಯೋ ಮಗನೇ..."

ಅದು ಅಮ್ಮನ ದನಿ. ಸೀಟಿನ ಪಕ್ಕ ತಾನೇ ಸಿಕ್ಕಿಸಿದ್ದ ಗಾಜೊಡೆಯುವ ಸುತ್ತಿಗೆ ಕೈಗೆ ಸಿಕ್ಕಿತು. ಹೊಡೆದ. ಮತ್ತೆ ಹೊಡೆದ. ಗಾಜು ಪುಡಿಯಾಯಿತು. ಮುಂಗೈ ಸೀಳಿಕೊಂಡು ಹೊರಗೆ ಉರುಳಿದ. ಬೆನ್ನಿಗೆ ತಗಲಿದ್ದು ಸುಡುವ ಡಾಂಬರು. ಕಾರು ರಸ್ತೆಯಂಚಿನಲ್ಲಿ ತಾನಾಗಿಯೇ ನಿಂತಿತ್ತು. ಮೈಮೇಲೆ ಒಂದು ಹನಿ ನೀರೂ ಇರಲಿಲ್ಲ.

ಗುಡ್ಡಪ್ಪನಿಗೆ ಫೋನು ಮಾಡಿದ. "ಆ ಮುದುಕಿ ಏನಂದಿದ್ಳು? ಪೂರ್ತಿ ಹೇಳು."

"ಬಿಚ್ಚಿದೋನ ಅವ್ವನೂ ನನ್ನಂಗ ಹುಡುಕ್ಲಿ ಅಂದಿದ್ಳು ಸಾರ್."

ಕಿರಣ್‌ಗೆ ಹೋದ ಜೀವ ಬಂದಂತಾಯಿತು. ತಾನು ಬದುಕಿದ್ದೇನಲ್ಲ! ಇನ್ನು ಅಮ್ಮ ಹುಡುಕುವುದಾದರೂ ಏನನ್ನು? ಕಾರನ್ನು ಅಲ್ಲೇ ಬಿಟ್ಟು, ಲಾರಿ ಹತ್ತಿ ಮನೆ ಮುಟ್ಟಿದ.

ರೇಣುಕಮ್ಮ ಗೇಟು ಹಿಡಿದು ರಸ್ತೆಯನ್ನೇ ನೋಡುತ್ತಿದ್ದಳು. "ಅಮ್ಮಾ!" ಎಂದು ಓಡಿದ. ಅವಳು ಗಾಬರಿಯಿಂದ ಹಿಂದೆ ಸರಿದಳು.

"ಯಾರಪ್ಪಾ ನೀವು? ಕೈಯೆಲ್ಲ ರಕ್ತ ಆಗಿದೆಯಲ್ಲ! ದಾರೀಲಿ ನನ್ನ ಮಗನ್ನ ಎಲ್ಲಾದ್ರೂ ನೋಡಿದ್ರಾ? ಹೊಸಾ ಕಾರು ತರ್ತೀನಿ ಅಂತ ಹೋದೋನು."

ಪಕ್ಕದ ಮನೆಯ ಲಲಿತಾ ಓಡಿಬಂದಳು. "ಅಯ್ಯ, ಇವ್ರ ನಿಮ್ಮ ಮಗ ಅಲ್ಲೇನ್ರೀ ಅಮ್ಮಾ?"

"ಸುಮ್ನಿರಮ್ಮ. ಹೆತ್ತೋಳಿಗೆ ಗೊತ್ತಾಗಲ್ವಾ?"

ಡಾಕ್ಟರಾಯಿತು, ಸ್ಕ್ಯಾನಾಯಿತು. ಅವಳ ತಲೆಯಲ್ಲಿ ಯಾವ ದೋಷವೂ ಇಲ್ಲವೆಂದರು. ಬುಕ್ಕಸಾಗರಕ್ಕೆ ಹೋಗಿ ಉಚ್ಚೆಂಗಮ್ಮನ ಕಾಲಿಗೂ ಬಿದ್ದ. ಅವಳು ಅವನನ್ನು ಬಯ್ಯಲಿಲ್ಲ, ಶಪಿಸಲಿಲ್ಲ.

"ಗಂಟು ಇದ್ದಿದ್ರ ಬಿಚ್ಚತಿದ್ನಪ್ಪಾ," ಎಂದಳು. "ಈಗ ಏನು ಬಿಚ್ಚಲಿ?"

ಈಗ ದಿನಾ ಬೆಳಗಾದರೆ ರೇಣುಕಮ್ಮ ಕಾಲುವೆಯ ದಂಡೆ ಹಿಡಿಯುತ್ತಾಳೆ. ಹಾಳು ಮಂಡಿಯನ್ನು ಎಳೆದುಕೊಂಡು, ಮಗನ ಹೆಸರು ಕೂಗುತ್ತ ನಡೆಯುತ್ತಾಳೆ. ಕಿರಣ್ ಕೆಲಸ ಬಿಟ್ಟು ಅವಳ ಹಿಂದೆ ನೀರಿನ ಬಾಟಲಿ ಹಿಡಿದು ನಡೆಯುತ್ತಾನೆ. ಅವಳು ಕೂಗಿದಾಗಲೆಲ್ಲ ಮೊದಮೊದಲು ಓಗೊಡುತ್ತಿದ್ದ, ಈಗ ಸುಮ್ಮನಿರುತ್ತಾನೆ.

ನಿನ್ನೆ ಕಲ್ಲೊಂದರ ಮೇಲೆ ಕೂತು, ಅವನು ಕೊಟ್ಟ ನೀರು ಕುಡಿದು, ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ನಿಮ್ಮಮ್ಮ ಇದ್ದಾರಾ ಅಪ್ಪಾ?"

"ಇದ್ದಾರೆ."

"ಪುಣ್ಯವಂತೆ," ಎಂದಳು ರೇಣುಕಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಮಗ ಕಣ್ಣೆದುರಿಗೇ ಇದ್ದಾನೆ."